ಅಟ್ಟದ ಮೇಲಿನ ಹಿತ್ತಾಳೆ ಹೂದಾನಿ: ತಿಕ್ಕುವ ಮೊದಲು ತಿರುವಿ ನೋಡಿ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ರೋಣ ತಾಲ್ಲೂಕು. ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ ಒಂದು ಗಂಟು ಸಿಕ್ಕಿತು. ಅದರಲ್ಲಿ ಒಂದು ಹಿತ್ತಾಳೆ ಹೂದಾನಿ. ಮೈಮೇಲೆ ಖರ್ಜೂರದ ಗಿಡ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಬಸ್ರಾ 1917’ ಅಂತ ಕೆತ್ತಿದ್ದಾರೆ. ತಳದಲ್ಲಿ 18, ಪಿ.ಆರ್., ಸಿ.ಎಫ್. ಅನ್ನುವ ಗುರುತುಗಳು, 1915 ಅಂತ ಇಸವಿ. ಜೊತೆಗೆ ಒಂದು ಬೆಳ್ಳಿ ಡಬ್ಬಿ, ಮುಚ್ಚಳದ ಮೇಲೆ ಕಪ್ಪು ಬಣ್ಣದಲ್ಲಿ ದೋಣಿಯ ಚಿತ್ರ. ನಮ್ಮ ಮುತ್ತಜ್ಜ ‘ಬಸರಾ ಲಡಾಯಿ’ಗೆ ಹೋಗಿ ಬಂದಿದ್ದರು ಅಂತ ಮನೆಯಲ್ಲಿ ಮಾತಿದೆ, ಕಾಗದಪತ್ರ ಏನೂ ಇಲ್ಲ. ಗುಜರಿಯವರು ತೂಕದ ಲೆಕ್ಕಕ್ಕೆ ಕೇಳುತ್ತಿದ್ದಾರೆ. ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕೋಣ ಅನ್ನುತ್ತಾರೆ. ಇದನ್ನು ಮುತ್ತಜ್ಜನೇ ಮಾಡಿದ್ದಾ? ಮನೆಯಲ್ಲಿ ಇಟ್ಟುಕೊಳ್ಳಬಹುದಾ? ನಾನು ಏನು ಮಾಡಲಿ?

ಉತ್ತರ: ಮೊದಲು ಅವ್ವನವರನ್ನು ತಡೆಯಿರಿ. ಹುಣಸೆಹಣ್ಣು ಬೇಡ, ನಿಂಬೆಹಣ್ಣು ಬೇಡ, ಬೂದಿ ಬೇಡ, ಪಿತಾಂಬರಿ ಪುಡಿಯೂ ಬೇಡ. ಗುಜರಿಯವರಿಗೂ ಕೊಡೋದಿಲ್ಲ ಅಂದುಬಿಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಮಾಡಬಹುದು. ಈ ಎರಡು ಮಾತ್ರ ಇವತ್ತೇ ಆಗಬೇಕು.

ನಿಮಗೆ ಸಿಕ್ಕಿರುವುದನ್ನು ಟ್ರೆಂಚ್ ಆರ್ಟ್, ಅಂದರೆ ಕಂದಕದ ಕಲೆ ಅನ್ನುತ್ತಾರೆ. ಯುದ್ಧದಲ್ಲಿ ಉಳಿದ ಶೆಲ್ ಕೇಸು (ತೋಪಿನ ಗುಂಡಿನ ಹಿಂದೆ ಮದ್ದು ತುಂಬುವ ಹಿತ್ತಾಳೆ ಕೊಳವೆ, ನಿಮ್ಮ ಹೂದಾನಿ ಆದದ್ದು ಅದರಿಂದಲೇ), ಬಂದೂಕಿನ ತೋಟಾ, ಶೆಲ್ಲಿನ ಸುತ್ತ ಇರುವ ತಾಮ್ರದ ಪಟ್ಟಿ, ಅಲ್ಯೂಮಿನಿಯಂ ಚೂರು, ಇಂಥವುಗಳಿಂದ ಮಾಡಿದ ಹೂದಾನಿ, ಸಿಗರೇಟಿನ ಬೂದಿಬಟ್ಟಲು, ಕಾಗದ ಸೀಳುವ ಚಾಕು, ಉಂಗುರ, ಲೈಟರ್ ಎಲ್ಲವೂ ಇದೇ ಜಾತಿ. ಧಾರವಾಡದಲ್ಲಿ ಕೂತು ನಾನು ಇವುಗಳ ಬೆನ್ನು ಹತ್ತಿ ಬಹಳ ವರ್ಷ ಆಯಿತು. ನಮ್ಮ ಕಡೆ ಇವು ಸಿಗುವುದೇ ಅಪರೂಪ. ಸಿಕ್ಕರೂ ಯಾರೂ ಗುರುತಿಸುವ ಮೊದಲೇ ಕುಲುಮೆಗೆ ಹೋಗಿ ಕರಗಿಬಿಡುತ್ತವೆ. ಹೀಗಾಗಿ ನಿಮ್ಮ ಪತ್ರ ಓದಿ ಖುಷಿಯೂ ಆಯಿತು, ಗಾಬರಿಯೂ ಆಯಿತು.

ಎಲ್ಲರೂ ಮೊದಲು ಚಿತ್ರ ನೋಡುತ್ತಾರೆ. ನೀವು ಹೂದಾನಿಯನ್ನು ಬೋರಲು ಹಾಕಿ ತಳ ನೋಡಿ. 18 ಮತ್ತು ಪಿ.ಆರ್. ಅಂದರೆ ಹದಿನೆಂಟು ಪೌಂಡರ್. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಜಾಸ್ತಿ ಬಳಸಿದ ಮೈದಾನದ ತೋಪು ಅದು. ಅದರ ಗುಂಡು ಸುಮಾರು ಹದಿನೆಂಟು ಪೌಂಡ್ ತೂಗುತ್ತಿತ್ತು, ಅದಕ್ಕೇ ಆ ಹೆಸರು. ಸಿ.ಎಫ್. ಅಂದರೆ ಪೂರ್ತಿ ಅಳತೆಯ ಕಾರ್ಡೈಟ್ ಮದ್ದು ತುಂಬಿದ್ದು ಅಂತ. ಬಾಣದ ತುದಿಯಂಥ ಗುರುತು ಇದ್ದರೆ ಅದು ಬ್ರಿಟಿಷ್ ಸರ್ಕಾರದ ಸ್ವತ್ತು ಅನ್ನುವ ಮುದ್ರೆ. ಉಳಿದ ಅಕ್ಷರಗಳು ಕಾರ್ಖಾನೆಯದು, ಅಂಕಿಗಳು ತಯಾರಾದ ಕಂತಿನದು. ಒಂದು ಸ್ಕೇಲ್ ಹಿಡಿದು ನೋಡಿ. ಬಾಯಿಯನ್ನು ಬಗ್ಗಿಸದೆ ಬಿಟ್ಟಿದ್ದರೆ ಎತ್ತರ ಇಪ್ಪತ್ತೊಂಬತ್ತೂವರೆ ಸೆಂಟಿಮೀಟರ್ ಹತ್ತಿರ, ಬಾಯಿಯ ಅಗಲ 84 ಮಿಲಿಮೀಟರ್ ಹತ್ತಿರ ಬರಬೇಕು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. ತಳದಲ್ಲಿರುವ 1915 ಆ ಲೋಹ ಹುಟ್ಟಿದ ವರ್ಷ. ಮೈಮೇಲಿನ 1917 ಕೆತ್ತಿದವನು ಹೇಳುತ್ತಿರುವ ವರ್ಷ. ಮುತ್ತಜ್ಜ ಹೋಗಿ ಬಂದ ವರ್ಷ ಮೂರನೆಯ ವಿಷಯ. ಮೂರೂ ಒಂದಕ್ಕೊಂದು ಹೊಂದಬಹುದು, ಹೊಂದದೆಯೂ ಇರಬಹುದು. ಒಂದನ್ನು ಹಿಡಿದು ಇನ್ನೊಂದನ್ನು ಹೇಳುವ ಅವಸರವೇ ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು. ಹಾವೇರಿ, ಗದಗ ಕಡೆ ಊರೂರಿಗೆ ವೀರಗಲ್ಲು ನೋಡಿದವರು ನಾವು. ಎಷ್ಟೋ ವೀರಗಲ್ಲುಗಳಲ್ಲಿ ಸತ್ತವನ ಹೆಸರು, ಯಾವ ಊರಿನ ಕಾಳಗ, ಯಾರ ದನ ಬಿಡಿಸಲು ಹೋದ ಅನ್ನುವುದೆಲ್ಲ ಕಲ್ಲಿನಲ್ಲೇ ಬರೆದಿರುತ್ತದೆ. ಅದು ಸತ್ತವನಿಗಾಗಿ ನಿಲ್ಲಿಸಿದ್ದು. ಈ ಹೂದಾನಿ ಹಾಗಲ್ಲ. ಬದುಕಿ ಬಂದ ಯಾರೋ ಚೀಲದಲ್ಲಿ ಹಾಕಿಕೊಂಡು ತಂದದ್ದು. ಅದು ತಾನಾಗಿ ಹೆಸರು ಹೇಳುವುದಿಲ್ಲ, ನಾವೇ ಹುಡುಕಬೇಕು.

ಮುತ್ತಜ್ಜನೇ ಮಾಡಿದ್ದಾ ಅಂತ ಕೇಳಿದ್ದೀರಿ. ಆಗಿರುವ ಸಾಧ್ಯತೆ ಕಡಿಮೆ. ಗುಂಡು ಹಾರುವಾಗ ಕಂದಕದಲ್ಲಿ ಕೂತು ಸಿಪಾಯಿ ಉಳಿ ಹಿಡಿದು ಕೆತ್ತುತ್ತಿದ್ದ ಅಂತ ಹೆಸರು ಕೇಳಿದರೆ ಅನಿಸುತ್ತದೆ. ಉಂಗುರ, ಸಣ್ಣ ಚಾಕು ಹಾಗೆ ಆದದ್ದುಂಟು. ಆದರೆ ಹೂದಾನಿಗೆ ಬೆಂಕಿ ಬೇಕು, ಅಡೆಗಲ್ಲು ಬೇಕು, ಸಮಯ ಬೇಕು. ಹಿತ್ತಾಳೆಯನ್ನು ಕಾಯಿಸಿ ಮೆದು ಮಾಡಬೇಕು. ಒಳಗೆ ರಾಳವನ್ನೋ ಸೀಸವನ್ನೋ ತುಂಬಬೇಕು. ಆಮೇಲೆ ಉಳಿಯಿಂದ ತಟ್ಟಿ ಚಿತ್ರ ಎಬ್ಬಿಸಬೇಕು. ನಮ್ಮ ಅಕ್ಕಸಾಲಿಗರು ಅರಗಿನ ಮೇಲೆ ಬೆಳ್ಳಿ ತಗಡು ಕೂರಿಸಿ ತಟ್ಟುತ್ತಾರಲ್ಲ, ಅದೇ ವಿದ್ಯೆ. ಹಾಗಾಗಿ ದೊಡ್ಡ ಸಾಮಾನುಗಳು ಹೆಚ್ಚಾಗಿ ಯುದ್ಧದ ಸಾಲಿನ ಹಿಂದೆ ಇದ್ದ ವರ್ಕ್‌ಶಾಪುಗಳಲ್ಲಿ, ಕೈದಿಗಳ ಶಿಬಿರಗಳಲ್ಲಿ, ಪೇಟೆಯ ಕಮ್ಮಾರ, ಕಂಚುಗಾರರ ಕೈಯಲ್ಲಿ ಆದವು. ಫ್ರಾನ್ಸ್, ಬೆಲ್ಜಿಯಂ ಕಡೆಯಂತೂ ಯುದ್ಧ ಮುಗಿದ ಮೇಲೂ ರಣಭೂಮಿ ನೋಡಲು ಬಂದವರಿಗೆ ಮಾರಲು ವರ್ಷಗಟ್ಟಲೆ ಮಾಡುತ್ತಿದ್ದರು. ಶೆಲ್ಲಿಗೇನು ಬರ ಇರಲಿಲ್ಲ. ಹದಿನೆಂಟು ಪೌಂಡರ್ ತೋಪುಗಳು ಫ್ರಾನ್ಸಿನ ಕಡೆಯ ರಣರಂಗ ಒಂದರಲ್ಲೇ ಸುಮಾರು 10 ಕೋಟಿ ಗುಂಡು ಹಾರಿಸಿವೆ. ಖಾಲಿ ಕೇಸುಗಳನ್ನು ಮತ್ತೆ ತುಂಬಲು ವಾಪಸ್ ಕಳಿಸಬೇಕು ಅನ್ನುವುದು ನಿಯಮ. ಎಷ್ಟೋ ಕೇಸು ಆ ನಿಯಮ ತಪ್ಪಿಸಿಕೊಂಡು ಹೂದಾನಿಯಾದವು.

ಇವತ್ತಿನ ಇರಾಕಿನಲ್ಲಿರುವ ಬಸ್ರಾ ಆಗ ಬ್ರಿಟಿಷ್ ಭಾರತದ ಸೈನ್ಯಕ್ಕೆ ದೊಡ್ಡ ಬಂದರು. ಅಲ್ಲಿ ವರ್ಕ್‌ಶಾಪು, ಆಸ್ಪತ್ರೆ, ಪೇಟೆ ಎಲ್ಲ ಇದ್ದವು. ನಿಮ್ಮ ಮುತ್ತಜ್ಜ ಅದನ್ನು ಕೊಂಡು ತಂದಿರಬಹುದು, ಯಾರೋ ಜೊತೆಗಾರ ಮಾಡಿ ಕೊಟ್ಟಿರಬಹುದು. ಕೊಂಡದ್ದಾದರೆ ಅದರ ಬೆಲೆ ಕಡಿಮೆ ಅಂತ ನಾನು ಒಪ್ಪುವುದಿಲ್ಲ. ಸಮುದ್ರ ದಾಟಿ ಹೋದವನು ಊರಿಗೆ ಮರಳುವಾಗ ತನ್ನ ಸಂಬಳದಲ್ಲಿ ಒಂದು ಗುರುತು ಕೊಂಡು ತಂದ ಅಂದರೆ, ಅದೂ ಆ ಯುದ್ಧದ ಸಾಕ್ಷಿಯೇ ಅಲ್ವಾ?

ಈಗ ಆ ಬೆಳ್ಳಿ ಡಬ್ಬಿ. ನಿಜ ಹೇಳಬೇಕೆಂದರೆ ನನಗೆ ಹೂದಾನಿಗಿಂತ ಇದರ ಮೇಲೆ ಹೆಚ್ಚು ಆಸೆ ಇದೆ. ನಮ್ಮಲ್ಲಿ ಇಂಥದ್ದನ್ನು ನೋಡಿದ ತಕ್ಷಣ ಬಿದರಿ ಅನ್ನುತ್ತಾರೆ. ಬಿದರಿಯಲ್ಲಿ ಕಪ್ಪು ನೆಲದ ಮೇಲೆ ಬೆಳ್ಳಿ ಚಿತ್ರ ಇರುತ್ತದೆ. ಇದರಲ್ಲಿ ಬೆಳ್ಳಿ ನೆಲದ ಮೇಲೆ ಕಪ್ಪು ಚಿತ್ರ. ಇದು ನಿಯೆಲ್ಲೋ ಕೆಲಸ. ಬೆಳ್ಳಿಯಲ್ಲಿ ಗೆರೆ ಕೊರೆದು, ಬೆಳ್ಳಿ, ತಾಮ್ರ, ಸೀಸ, ಗಂಧಕ ಸೇರಿಸಿ ಮಾಡಿದ ಕಪ್ಪು ಪುಡಿ ತುಂಬಿ, ಕಾಯಿಸಿ, ಉಜ್ಜಿ ನಯ ಮಾಡುತ್ತಾರೆ. ಬಸ್ರಾದಲ್ಲೂ ಟೈಗ್ರಿಸ್ ನದಿಯ ದಂಡೆಯ ಅಮಾರಾ ಊರಿನಲ್ಲೂ ಮ್ಯಾಂಡಿಯನ್ ಅನ್ನುವ ಒಂದು ಸಣ್ಣ ಸಮುದಾಯದ ಅಕ್ಕಸಾಲಿಗರು ಇದರಲ್ಲಿ ಹೆಸರುವಾಸಿ. ಸೈನಿಕರು ಅವರಿಂದ ಸಿಗರೇಟು ಡಬ್ಬಿ, ಚಮಚ, ಊಟದ ಕರವಸ್ತ್ರ ಸುತ್ತಿಡುವ ಬಳೆ ಕೊಳ್ಳುತ್ತಿದ್ದರು. ದೋಣಿ, ಒಂಟೆ, ಖರ್ಜೂರದ ಗಿಡ, ಕಮಾನಿನ ಮನೆ, ಇವೇ ಅವರ ಚಿತ್ರಗಳು. ಡಬ್ಬಿಯ ಒಳಬದಿ, ಅಂಚು, ಚಿತ್ರದ ಮೂಲೆ ಎಲ್ಲ ನೋಡಿ. ಅರಬ್ಬಿ ಲಿಪಿಯಲ್ಲಿ ಸಣ್ಣ ಸಹಿ ಇದ್ದರೆ ಅದು ಮಾಡಿದವನದು. ಜಹ್ರೂನ್ ಅನ್ನುವ ಸಹಿಯ ಕೆಲಸಕ್ಕೆ ಸಂಗ್ರಾಹಕರಲ್ಲಿ ಬಹಳ ಮರ್ಯಾದೆ. ಈ ಡಬ್ಬಿಯನ್ನು ಬೆಳ್ಳಿ ಹೊಳಪಿನ ದ್ರಾವಣದಲ್ಲಿ ಮಾತ್ರ ಅದ್ದಬೇಡಿ, ಕಪ್ಪು ಚಿತ್ರಕ್ಕೇ ಪೆಟ್ಟಾಗುತ್ತದೆ.

ಹೂದಾನಿ ಒಂದೇ ಸಿಕ್ಕಿದ್ದರೆ ನಾನು ‘ಎಲ್ಲಿಂದಲಾದರೂ ಬಂದಿರಬಹುದು’ ಅನ್ನುತ್ತಿದ್ದೆ. ಹೂದಾನಿ, ಡಬ್ಬಿ, ಮನೆಯ ಮಾತು ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿವೆ. ಅದೂ ಒಂದೇ ಗಂಟಿನಲ್ಲಿ. ಹಾಗಾಗಿ ಆ ಗಂಟು ಕಟ್ಟಿದ್ದ ಬಟ್ಟೆಯನ್ನೂ ಬಿಸಾಡಬೇಡಿ.

ತಿಕ್ಕಬೇಡಿ ಅಂತ ಇಷ್ಟು ಯಾಕೆ ಹೇಳುತ್ತೇನೆ ಅನ್ನುವುದಕ್ಕೆ ಒಂದು ಕಾರಣ ಇದೆ. ಇಪ್ಪತ್ತು ವರ್ಷದ ಹಿಂದೆ ಹಾವೇರಿ ಕಡೆಯ ಒಬ್ಬ ಅಜ್ಜಿ ನನಗೆ ಇಂಥದ್ದೇ ಒಂದು ಶೆಲ್ ಕೇಸು ನೋಡಲು ಕೊಟ್ಟಿದ್ದರು. ತಳದ ಅಂಚಿನಲ್ಲಿ ಮೊಳೆಯಿಂದ ಗೀಚಿದಂತೆ ಮೋಡಿ ಲಿಪಿಯ, ಅಂದರೆ ಹಳೆಯ ಮರಾಠಿ ಕೈಬರಹದ ಅಕ್ಷರಗಳಿದ್ದವು. ಮೂರು ಅಕ್ಷರ ಓದಿದೆ, ಉಳಿದದ್ದು ಕೊಳೆಯಲ್ಲಿ ಮುಚ್ಚಿತ್ತು. ಸ್ವಲ್ಪ ಸ್ವಚ್ಛ ಆದರೆ ಓದಬಹುದು ಅಂದುಕೊಂಡು ಪಾಲಿಶ್ ಮಾಡುವ ಅಂಗಡಿಯಲ್ಲಿ ಕೊಟ್ಟೆ. ಅವರು ಒಳ್ಳೆ ಮನಸ್ಸಿನಿಂದಲೇ ಬಫಿಂಗ್ ಯಂತ್ರಕ್ಕೆ ಹಿಡಿದರು. ಸಂಜೆ ಹೋದಾಗ ಕೇಸು ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಕ್ಷರ ಒಂದೂ ಇರಲಿಲ್ಲ. ಕೊಡುವ ಮೊದಲು ನಾನು ಒಂದು ಫೋಟೊ ಕೂಡ ತೆಗೆದಿರಲಿಲ್ಲ. ವಾಪಸ್ ಕೊಡಲು ಹೋದಾಗ ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಅಪ್ಪನ ಹೆಸರು ಇತ್ತಲ್ಲ ಇಲ್ಲಿ’ ಅಂದರು. ಅದಕ್ಕೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೀಗಾಗಿ ಮೊದಲ ಕೆಲಸ ಫೋಟೊ. ಕತ್ತಲ ಕೋಣೆಯಲ್ಲಿ ಹೂದಾನಿ ಇಟ್ಟು ಮೊಬೈಲ್ ಟಾರ್ಚನ್ನು ಪಕ್ಕದಿಂದ, ಮೈಗೆ ಒರಗಿದಂತೆ ಹಿಡಿಯಿರಿ. ನೇರ ಬೆಳಕಿನಲ್ಲಿ ಕಾಣದ ಗೀಚು ಹೀಗೆ ಹಿಡಿದಾಗ ಎದ್ದು ಕಾಣುತ್ತದೆ. ಶಾಸನ ಓದುವವರು ಸವೆದ ಕಲ್ಲಿನ ಮುಂದೆ ಸಂಜೆ ಬಿಸಿಲಿಗೆ ಕಾಯುವುದೂ ಇದಕ್ಕೇ. ಕನ್ನಡ, ಮೋಡಿ, ದೇವನಾಗರಿ, ಉರ್ದು, ಯಾವ ಅಕ್ಷರವಾದರೂ ಇರಬಹುದು. ಅಕ್ಷರ ಇಲ್ಲದೆ ಬರೀ ಅಂಕಿ ಇದ್ದರೂ ಬರೆದುಕೊಳ್ಳಿ, ಅದು ಅವರ ಸೈನ್ಯದ ನಂಬರ್ ಆಗಿರಬಹುದು.

ಮನೆಯಲ್ಲಿ ಇಡಬಹುದಾ? ಬಾಯಿ ತೆರೆದ ಖಾಲಿ ಕೇಸು ಆದ್ದರಿಂದ ಹೆದರಿಕೆ ಕಡಿಮೆ. ತಳದ ನಡುವೆ ಒಂದು ಗುಂಡನೆಯ ಬಿಲ್ಲೆ ಇರುತ್ತದೆ, ಅದು ಮದ್ದಿಗೆ ಕಿಡಿ ಕೊಡುವ ಪ್ರೈಮರ್. ಅದರ ಮಧ್ಯೆ ಸೂಜಿ ಹೊಡೆದ ತಗ್ಗು ಇದ್ದರೆ ಅಥವಾ ಪ್ರೈಮರ್ ತೆಗೆದು ಬರೀ ತೂತು ಉಳಿದಿದ್ದರೆ ಸರಿ. ತಗ್ಗು ಇಲ್ಲದಿದ್ದರೆ ಬಡಿಯಬೇಡಿ, ಕೊರೆಯಬೇಡಿ, ಕಾಯಿಸಬೇಡಿ, 112ಕ್ಕೆ ಫೋನ್ ಮಾಡಿ. ಮೇಲೆ ಗುಂಡು ಕೂತಿರುವ, ಮೂತಿ ಮುಚ್ಚಿದ ಶೆಲ್ ಯಾವತ್ತಾದರೂ ಸಿಕ್ಕರೆ ಮುಟ್ಟಲೇಬೇಡಿ. ನೂರು ವರ್ಷ ಆದರೂ ಅದು ಸಿಡಿಯಬಲ್ಲದು. ಅಂಥದ್ದನ್ನು ಸ್ಟೇಷನ್ನಿಗೆ ಹೊತ್ತೊಯ್ಯಬಾರದು, ಪೊಲೀಸರನ್ನೇ ಅಲ್ಲಿಗೆ ಕರೆಸಬೇಕು. ಮದ್ದು ತುಂಬಿದ ತೋಟಾ ಇಟ್ಟುಕೊಳ್ಳಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ ಅದೇ ಕಾಯ್ದೆಯಲ್ಲಿ ವಿನಾಯ್ತಿ ಇದೆ. ಏನೇ ಇರಲಿ, ಇಂಥ ವಸ್ತುವನ್ನು ವಿಮಾನದ ಲಗೇಜಿನಲ್ಲಿ ಮಾತ್ರ ಹಾಕಬೇಡಿ.

ಇನ್ನೊಂದು ಕಾಯ್ದೆಯೂ ಗೊತ್ತಿರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತುಗಳಿಗೆ ಅನ್ವಯಿಸುತ್ತದೆ. ಮೊದಲ ಮಹಾಯುದ್ಧದ ಸಾಮಾನೆಲ್ಲ ಈಗ ಆ ವಯಸ್ಸು ದಾಟಿವೆ. ಹಾಗಾಗಿ ಆನ್‌ಲೈನ್‌ನಲ್ಲಿ ಯಾರೋ ಹೊರದೇಶದವರು ಕೇಳಿದರು ಅಂತ ಪಾರ್ಸೆಲ್ ಮಾಡಿಬಿಡಬೇಡಿ.

ಈಗ ಮುತ್ತಜ್ಜನ ವಿಷಯ. ಇದೇ ಕಷ್ಟದ ಕೆಲಸ, ಇದೇ ನಿಜವಾದ ಕೆಲಸ.

ಆ ಯುದ್ಧಕ್ಕೆ ಭಾರತದಿಂದ ಸುಮಾರು 13 ಲಕ್ಷ ಜನ ಹೋದರು. ಅವರಲ್ಲಿ ಅತಿ ಹೆಚ್ಚು ಜನರನ್ನು ಕಳಿಸಿದ್ದು ಮೆಸೊಪೊಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ. ಅಲ್ಲಿಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಂದೂಕು ಹಿಡಿದವರಲ್ಲ. ಹೇಸರಗತ್ತೆ ಹೊಡೆಯುವವರು, ಅಡುಗೆಯವರು, ನೀರು ಹೊರುವವರು, ಆಸ್ಪತ್ರೆಯವರು, ಹಮಾಲರು. ಜೈಲಿನಿಂದ ಕೂಲಿಗೆ ಕರೆದೊಯ್ದವರೂ ಇದ್ದರು. ಭಾರತದಿಂದ ರೈಲು ಹಳಿ ಸಾಗಿಸಿ ಅಲ್ಲಿ ದಾರಿ ಹಾಕಿದರು, ಹೀಗಾಗಿ ರೈಲ್ವೆಯವರೂ ಹೋದರು. ಹುಬ್ಬಳ್ಳಿಯಂಥ ರೈಲ್ವೆ ಊರಿನ ಸುತ್ತಮುತ್ತಲಿನವರು ಇದನ್ನು ನೆನಪಿಡಬೇಕು. ‘ಲಡಾಯಿಗೆ ಹೋಗಿದ್ದರು’ ಅಂದ ಕೂಡಲೇ ಸಿಪಾಯಿ ಅಂತ ಹುಡುಕಿದರೆ ಅರ್ಧ ಜನ ನಮ್ಮ ಕಣ್ಣು ತಪ್ಪುತ್ತಾರೆ.

ಸಿಪಾಯಿಯೇ ಆಗಿದ್ದರೆ ಮೊದಲು ಮರಾಠಾ ಪಲ್ಟನ್‌ಗಳ ಕಡೆ ನೋಡಬೇಕು. 103, 110, 117ನೇ ಮರಾಠಾ ಪಲ್ಟನ್‌ಗಳು ಮೆಸೊಪೊಟೇಮಿಯಾದ ಕೂತ್ ಊರಿನಲ್ಲಿ ತುರ್ಕಿ ಸೈನ್ಯದ ಮುತ್ತಿಗೆಗೆ ಸಿಕ್ಕಿಕೊಂಡಿದ್ದವು. 147 ದಿನ ತಡೆದು, ಉಪವಾಸ ಬಿದ್ದು, 1916ರ ಏಪ್ರಿಲ್ 29ರಂದು ಶರಣಾಗಬೇಕಾಯಿತು. ಮರುವರ್ಷ ಮಾರ್ಚ್ 11ಕ್ಕೆ ಬಾಗ್ದಾದ್ ಬ್ರಿಟಿಷರ ಕೈಸೇರಿತು. ನಿಮ್ಮ ಹೂದಾನಿಯ 1917 ಆ ವರ್ಷ. 1922ರಲ್ಲಿ ಈ ಪಲ್ಟನ್‌ಗಳನ್ನು ಒಂದೇ ರೆಜಿಮೆಂಟಿಗೆ ಸೇರಿಸಿದರು. ಇವತ್ತಿನ ಮರಾಠಾ ಲಘು ಪದಾತಿ ದಳ ಅದೇ. ಅದರ ಕೇಂದ್ರ ನಮ್ಮ ಪಕ್ಕದ ಬೆಳಗಾವಿಯಲ್ಲಿದೆ. ನಂಬರ್ ಮತ್ತು ಪಲ್ಟನ್ ಹೆಸರು ಕೈಯಲ್ಲಿದ್ದರೆ ಅಲ್ಲಿಗೆ ಪತ್ರ ಬರೆಯಬಹುದು. ಬರೀ ಹೆಸರು ಹಿಡಿದು ಹೋದರೆ ಪಾಪ, ಅವರಾದರೂ ಏನು ಮಾಡುತ್ತಾರೆ?

ಆ ನಂಬರ್ ಸಿಗುವುದು ಯುದ್ಧಕ್ಕೆ ಹೋದವರಿಗೆ ಸರ್ಕಾರ ಕೊಟ್ಟ ಮೆಡಲಿನ ಅಂಚಿನಲ್ಲಿ. ದೇವರ ಜಗಲಿ, ಹಳೆ ಟ್ರಂಕು, ಕಾಸಿನ ಡಬ್ಬಿ ಎಲ್ಲ ಹುಡುಕಿ. ಹಳೆಯ ಬೆಳ್ಳಿ ರೂಪಾಯಿಗಿಂತ ದೊಡ್ಡದು, ಒಂದು ಬದಿ ಐದನೆಯ ಜಾರ್ಜ್ ದೊರೆಯ ಮುಖ. ಅಂಚಿನ ಸುತ್ತ ನಂಬರ್, ಹುದ್ದೆ, ಹೆಸರು, ಪಲ್ಟನ್ ಕೊರೆದಿರುತ್ತದೆ. ಸಿಪಾಯಿಗಳಿಗೆ ಬೆಳ್ಳಿಯದು, ಕೂಲಿ ದಳದಂಥವರಿಗೆ ಅದೇ ಮೆಡಲ್ ಕಂಚಿನಲ್ಲಿ. ರೆಕ್ಕೆಯ ಹೆಣ್ಣಿನ ಚಿತ್ರವಿರುವ ಇನ್ನೊಂದು ವಿಜಯದ ಮೆಡಲೂ ಇರಬಹುದು. ಬೆಳ್ಳಿಯದು ಕಷ್ಟಕಾಲದಲ್ಲಿ ಮಾರಿ ಹೋಗಿರಬಹುದು. ಕಂಚಿನದಕ್ಕೆ ಬೆಲೆ ಬರುವುದಿಲ್ಲ ಅಂತ ಮನೆಯಲ್ಲೇ ಉಳಿದಿರುತ್ತದೆ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ಇಂಟರ್ನೆಟ್ಟಿನಲ್ಲಿದೆ, ಆದರೆ ಅದು ಸತ್ತವರದು. ನಿಮ್ಮ ಮುತ್ತಜ್ಜ ಮರಳಿ ಬಂದವರು. ಆದರೂ ನಿಮ್ಮ ಊರಿನ ಹೆಸರು ಹಾಕಿ ಹುಡುಕಿ. ಜೊತೆಗೆ ಹೋಗಿ ಅಲ್ಲೇ ಉಳಿದ ಯಾರಾದರೂ ಸಿಕ್ಕರೆ ಪಲ್ಟನ್ ಯಾವುದು ಅಂತ ತಿಳಿಯುತ್ತದೆ. ಒಂದೇ ಊರಿನವರು ಗುಂಪಾಗಿ ಸೇರುತ್ತಿದ್ದರು. ಹುಡುಕುವಾಗ ಹಳೆಯ ಇಂಗ್ಲಿಷ್ ಕಾಗುಣಿತ ಬಳಸಿ. ಧಾರವಾಡದ ಕೊನೆಗೆ ‘ಡ’ಕ್ಕೆ ಬದಲು ‘ರ್’ ಇರುತ್ತದೆ. ಗದಗ, ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದವು, ಆ ಯುದ್ಧದ ಕಾಲಕ್ಕೆ ಇಡೀ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು. ಅಜ್ಜಿಯ ತವರು ಶಿರಹಟ್ಟಿಯೋ ಲಕ್ಷ್ಮೇಶ್ವರವೋ ಆಗಿದ್ದರೆ ಅದು ಸಾಂಗ್ಲಿ, ಮಿರಜ್ ಸಂಸ್ಥಾನಗಳ ಲೆಕ್ಕಕ್ಕೆ ಬರುತ್ತದೆ. ಕಾಗದ ಹುಡುಕಲು ಧಾರವಾಡದ ಪತ್ರಾಗಾರ ಕಚೇರಿಯಿಂದ ಶುರು ಮಾಡಿ. ಪ್ರಾಂತ್ಯದ ಮೂಲ ಕಡತಗಳು ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರದಲ್ಲಿವೆ.

ಅದಕ್ಕೂ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಮೊಬೈಲಿನಲ್ಲಿ ದನಿ ಹಿಡಿದಿಡಿ. ‘ಯಾವ ಇಸವಿ’ ಅಂತ ಕೇಳಬೇಡಿ, ಇಸವಿ ನೆನಪಿರುವುದಿಲ್ಲ. 1918ರ ಇನ್‌ಫ್ಲೂಯೆಂಜಾ ಬೇನೆಯ ಮಾತು ಎತ್ತಿ. ‘ಆ ದೊಡ್ಡ ಬೇನೆ ಬಂದಾಗ ಮುತ್ತಜ್ಜ ಊರಲ್ಲಿದ್ದರಂತಾ?’ ಅಂತ ಕೇಳಿ. ಅವರ ಮಕ್ಕಳ ವಯಸ್ಸನ್ನೂ ಸಾಲಾಗಿ ಬರೆಯಿರಿ. ಎರಡು ಮಕ್ಕಳ ನಡುವೆ ನಾಲ್ಕೈದು ವರ್ಷದ ಅಂತರ ಇದ್ದು, ಅದು 1916ರಿಂದ 1919ರ ಸುತ್ತ ಬಿದ್ದರೆ, ನನ್ನ ಲೆಕ್ಕದಲ್ಲಿ ಅದೊಂದು ಒಳ್ಳೆ ಸುಳಿವು. ಒಂದು ಎಚ್ಚರಿಕೆ: ಬಸರಾ ಮುತ್ತಿನಿಂದಾಗಿ ಆ ಹೆಸರು ನಮ್ಮ ಹೆಣ್ಣುಮಕ್ಕಳ ಬಾಯಲ್ಲಿ ಮೊದಲೇ ಇತ್ತು. ಸಮುದ್ರದಾಚೆಯ ಯಾವ ಊರಿಗೆ ಹೋದರೂ ಮನೆಯವರು ‘ಬಸರಾ’ ಅಂದಿರಬಹುದು.

ಇಡುವ ಬಗೆ ಸುಲಭ. ಶೆಲ್ಲಿನ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಹುಣಸೆಯ ಹುಳಿ ಸತುವನ್ನು ತಿನ್ನುತ್ತದೆ, ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು. ಬರಿಗೈಯಲ್ಲಿ ಪದೇ ಪದೇ ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಾಗಿ ಉಳಿಯುತ್ತದೆ. ಒಣಗಿದ ಜಾಗದಲ್ಲಿಡಿ. ದನದ ಕೊಟ್ಟಿಗೆಯ ಹತ್ತಿರ ಮಾತ್ರ ಬೇಡ. ಇದು ಸುಮ್ನೆ ಹೇಳುವ ಮಾತಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲೇ, ಕುದುರೆ ಲಾಯದಲ್ಲಿ ಇಟ್ಟ ಹಿತ್ತಾಳೆ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕಾರಣ ಗೊತ್ತಾಗದೆ ಅದನ್ನು ಋತುವಿನ ಬಿರುಕು ಅಂತ ಕರೆದರು. ಗಂಜಲದಿಂದ ಏಳುವ ಅಮೋನಿಯಾ, ಬಡಿದು ಎಳೆದ ಹಿತ್ತಾಳೆಯ ಒಳಗಿನ ಬಿಗಿತದ ಜೊತೆ ಸೇರಿ ಸೀಳುತ್ತದೆ ಅಂತ 1921ರ ಹೊತ್ತಿಗೆ ವಿವರಿಸಿದರು. ನಮ್ಮ ಕಡೆಯ ಹಳೆ ಮನೆಗಳಲ್ಲಿ ಗೋದಲಿ ಮನೆಯೊಳಗೇ ಇರುತ್ತದಲ್ಲ, ಅದಕ್ಕೇ ಹೇಳಿದೆ.

ಬೆಲೆಯ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಥ ಹೂದಾನಿಗಳು ಜಗತ್ತಿನಲ್ಲಿ ಸಾಕಷ್ಟಿವೆ. ಹೆಸರು, ನಂಬರ್, ಮನೆಯ ಮಾತು ಜೊತೆಗಿದ್ದಾಗ ಮಾತ್ರ ಅದು ಒಬ್ಬ ಮನುಷ್ಯನ ವಸ್ತು. ಡಬ್ಬಿ ಒಬ್ಬರಿಗೆ, ಹೂದಾನಿ ಇನ್ನೊಬ್ಬರಿಗೆ ಅಂತ ಹಂಚಿದರೆ ಎರಡೂ ಬಡವಾಗುತ್ತವೆ. ಅಣ್ಣತಮ್ಮಂದಿರ ಪಾಲಿನ ಹೊತ್ತಿನಲ್ಲಿ ಇದನ್ನು ದಯವಿಟ್ಟು ನೆನಪಿಡಿ.

ಇದರಿಂದ ನಿಮಗೆ ಸಂಗ್ರಹದ ಹುಚ್ಚು ಹತ್ತಿದರೆ ನನಗೆ ಸಂತೋಷವೇ. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ತಳ ನೋಡುತ್ತಾ ಹೋಗಿ. ಹಳೆ ಕೇಸಿನ ಮೇಲೆ ಈಗ ಕೆತ್ತಿದ್ದಾದರೆ ಗೆರೆಯ ಅಂಚು ಬೆರಳಿಗೆ ಚುಚ್ಚುತ್ತದೆ, ಗೆರೆಯೊಳಗೆ ಹಳೆ ಕೊಳೆ ಇರುವುದಿಲ್ಲ. ಸಣ್ಣ ತೋಟಾಗಳ ಮೇಲೆ ಕೆ.ಎಫ್. ಅಂತ ಇದ್ದರೆ ಪುಣೆಯ ಖಡಕಿ ಕಾರ್ಖಾನೆಯದು. ಅದು ಬಹಳ ದಶಕ ನಡೆದ ಗುರುತು, ಅಷ್ಟರಿಂದಲೇ ಮಹಾಯುದ್ಧದ್ದು ಅನ್ನಬೇಡಿ. ಮೊದಲ ಯುದ್ಧದಲ್ಲಿ ಬಳ್ಳಾರಿಯಲ್ಲಿ ತುರ್ಕಿ ಕೈದಿಗಳ ಶಿಬಿರ ಇತ್ತು, ಬೆಳಗಾವಿಯಲ್ಲೂ ಶತ್ರುದೇಶದ ನಾಗರಿಕರನ್ನು ಇಟ್ಟಿದ್ದರು. ತುರ್ಕಿ ಕೈದಿಗಳು ಈಜಿಪ್ಟಿನಂಥ ಕಡೆಯ ಶಿಬಿರಗಳಲ್ಲಿ ಮಣಿ ಪೋಣಿಸಿ ಹಾವುಗಳನ್ನು ಮಾಡುತ್ತಿದ್ದರು. ಯಾರದಾದರೂ ಅಟ್ಟದಲ್ಲಿ ಮಣಿಯ ಹಾವು ಕಂಡರೆ ಮಕ್ಕಳ ಆಟಿಕೆ ಅಂತ ಬಿಡಬೇಡಿ.

ತಳದ ಫೋಟೊ, ಡಬ್ಬಿಯ ಒಳಬದಿಯ ಫೋಟೊ, ಪ್ರೈಮರಿನ ಫೋಟೊ, ಈ ಮೂರನ್ನು ಕಳಿಸಿ, ನೋಡಿ ಹೇಳುತ್ತೇನೆ. ಮಹಾನವಮಿ ಹತ್ತಿರ ಬರುತ್ತಿದೆ. ಅಂಗಳದಲ್ಲಿ ಮನೆಯ ಪಾತ್ರೆಗಳನ್ನೆಲ್ಲ ಗುಡ್ಡೆ ಹಾಕಿ ತಿಕ್ಕುವ ದಿನ ಯಾರೋ ಮರೆತು ಇದನ್ನೂ ಆ ಗುಡ್ಡೆಗೆ ಹಾಕಿಬಿಡಬಹುದು. ಅವತ್ತು ಹೂದಾನಿಯನ್ನು ಆ ಹಳೆ ಬಟ್ಟೆಯಲ್ಲೇ ಸುತ್ತಿ ಒಳಗಿನ ಕಪಾಟಿನಲ್ಲಿಟ್ಟು, ಬೀಗದ ಕೈ ಅವ್ವನವರ ಹತ್ತಿರವೇ ಕೊಡಿ.